ಪ್ಯಾರಿಸ್‌ನ ಮೇಷ್ಟ್ರುಗಳು, ಅವರ ಪ್ರವಚನಗಳು ಮತ್ತು ಸುಖದ ಪ್ರಶ್ನೆ: ಪದೇ ಪದೇ ಕೇಳುವ ಪ್ರಶ್ನೆಗಳು

13ನೇ ಶತಮಾನದ ಪ್ಯಾರಿಸ್ ವಿಶ್ವವಿದ್ಯಾಲಯದಲ್ಲಿ ನಡೆಯುತ್ತಿದ್ದ ಪ್ರವಚನಗಳ ಬಗ್ಗೆ ಮಾತು ಬಂದಾಗಲೆಲ್ಲ ಕೆಲವು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಎದುರಿಗೆ ಕೂತು ಕೇಳಿದವು, ಪತ್ರದಲ್ಲಿ ಬಂದವು, ಎಲ್ಲವನ್ನೂ ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದವು ಮೊದಲು, ಕಷ್ಟದವು ಕೊನೆಗೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಸುಖ ಬೇಕು ಅನ್ನೋ ಮನುಷ್ಯನ ಆಸೆಯನ್ನು ಈ ಪ್ರವಚನಕಾರರಷ್ಟು ಗಂಭೀರವಾಗಿ ತೆಗೆದುಕೊಂಡವರು ಕಡಿಮೆ.

## ಮೊದಲು ತಿಳಿಯಬೇಕಾದದ್ದು

ವಿಶ್ವವಿದ್ಯಾಲಯದಲ್ಲಿ ಪ್ರವಚನ ಯಾಕೆ? ಅದು ಚರ್ಚಿನ ಕೆಲಸ ಅಲ್ವಾ?

ಆಗ ಈ ಎರಡನ್ನು ಬೇರೆ ಮಾಡಿ ನೋಡುತ್ತಿರಲಿಲ್ಲ. ಪ್ಯಾರಿಸ್‌ನಲ್ಲಿ ಓದುವ ಹುಡುಗನಿಂದ ಹಿಡಿದು ಪಾಠ ಹೇಳುವ ಮೇಷ್ಟ್ರವರೆಗೆ ಎಲ್ಲರೂ ಕಾನೂನಿನ ಲೆಕ್ಕದಲ್ಲಿ ಚರ್ಚಿನವರೇ. ದೇವಶಾಸ್ತ್ರದ ಮೇಷ್ಟ್ರಿಗೆ ಮೂರು ಕೆಲಸ ಇದ್ದವು: ಬೈಬಲ್ ಪಾಠ ಹೇಳುವುದು, ವಾದ ನಡೆಸುವುದು, ಪ್ರವಚನ ಮಾಡುವುದು. 1197ರಲ್ಲಿ ತೀರಿಕೊಂಡ ಪೀಟರ್ ದಿ ಚಾಂಟರ್ ಎಂಬ ಪ್ಯಾರಿಸ್‌ನ ಮೇಷ್ಟ್ರು ಇದನ್ನು ಮನೆಗೆ ಹೋಲಿಸಿದ್ದರು. ಪಾಠ ತಳಪಾಯ, ವಾದ ಗೋಡೆ, ಪ್ರವಚನ ಚಾವಣಿ. ಅಂದರೆ ಪ್ರವಚನ ಪಾಠದ ಜೊತೆ ಸೇರಿಸಿದ ಇನ್ನೊಂದು ಕೆಲಸ ಆಗಿರಲಿಲ್ಲ, ಉಳಿದೆರಡೂ ಅದಕ್ಕಾಗಿಯೇ ಇದ್ದವು.

1215ರಲ್ಲಿ ಎರಡು ವಿಷಯ ನಡೆದವು. ಪೋಪರ ಪ್ರತಿನಿಧಿ ರಾಬರ್ಟ್ ಆಫ್ ಕೂರ್ಸೋಂ ಪ್ಯಾರಿಸ್ ವಿಶ್ವವಿದ್ಯಾಲಯಕ್ಕೆ ನಿಯಮಗಳನ್ನು ಬರೆದುಕೊಟ್ಟರು. ನಡತೆ ಮತ್ತು ಜ್ಞಾನ ಎರಡರಲ್ಲೂ ಒಪ್ಪಿಗೆ ಪಡೆಯದವರು ಅಲ್ಲಿ ಪಾಠ ಹೇಳುವ ಹಾಗಿಲ್ಲ, ಪ್ರವಚನ ಮಾಡುವ ಹಾಗಿಲ್ಲ ಎಂದರು. ದೇವಶಾಸ್ತ್ರ ಕಲಿಸಲು ಕನಿಷ್ಠ 35 ವರ್ಷ ಆಗಿರಬೇಕಿತ್ತು. ಅದೇ ವರ್ಷ ರೋಮ್‌ನಲ್ಲಿ ಸೇರಿದ ನಾಲ್ಕನೇ ಲ್ಯಾಟರನ್ ಸಭೆ, ಬಿಷಪ್ಪರು ಒಬ್ಬರೇ ಪ್ರವಚನದ ಹೊರೆ ಹೊರಲಾರರು, ಯೋಗ್ಯರನ್ನು ಅದಕ್ಕೆ ನೇಮಿಸಬೇಕು ಎಂದಿತು. ಯೋಗ್ಯರು ಎಲ್ಲಿಂದ ಬರಬೇಕು? ವಿಶ್ವವಿದ್ಯಾಲಯದಿಂದಲೇ. ಬೇಡಿ ಬಾಳುವ ಸನ್ಯಾಸಿಗಳ ಎರಡು ಹೊಸ ಪಂಗಡಗಳಲ್ಲಿ, ಪ್ರವಚನಕ್ಕೆಂದೇ ಹುಟ್ಟಿದ ಡೊಮಿನಿಕನ್ನರು 1217ರಲ್ಲೇ ಪ್ಯಾರಿಸ್‌ಗೆ ಬಂದರು, ಫ್ರಾನ್ಸಿಸ್ಕನ್ನರು 1219ರಲ್ಲಿ.

ಕೇಳ್ತಿದ್ದವರು ಯಾರು? ಯಾವ ಭಾಷೆಯಲ್ಲಿ ಮಾತಾಡ್ತಿದ್ರು?

ವಿಶ್ವವಿದ್ಯಾಲಯದ ಪ್ರವಚನ ಲ್ಯಾಟಿನ್‌ನಲ್ಲಿ. ಕೇಳುವವರು ಮೇಷ್ಟ್ರುಗಳು, ವಿದ್ಯಾರ್ಥಿಗಳು, ಸನ್ಯಾಸಿಗಳು. ಭಾನುವಾರ ಮತ್ತು ಹಬ್ಬದ ದಿನ ಬೆಳಿಗ್ಗೆ ಮುಖ್ಯ ಪ್ರವಚನ. ಸಂಜೆ ಅದೇ ವಾಕ್ಯವನ್ನು ಮುಂದುವರಿಸಿ ಇನ್ನೊಂದು, ಸ್ವಲ್ಪ ಚಿಕ್ಕದು. ಅದೇ ಮೇಷ್ಟ್ರು ಊರಿನ ಜನರ ಮುಂದೆ ನಿಂತಾಗ ಜನರ ಭಾಷೆಗೆ ಬರುತ್ತಿದ್ದರು. ಪ್ಯಾರಿಸ್‌ನಲ್ಲಿ ಪಾಠ ಹೇಳಿದ್ದ ಡೊಮಿನಿಕನ್ ಮೇಷ್ಟ್ರು ಥಾಮಸ್ ಅಕ್ವಿನಾಸ್ 1273ರ ತಪಸ್ಸುಕಾಲದಲ್ಲಿ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ, ನೇಪಲ್ಸ್‌ನ ಜನರಿಗೆ ವಿಶ್ವಾಸಸಂಗ್ರಹ, ಪರಲೋಕದ ತಂದೆಯ ಪ್ರಾರ್ಥನೆ, ಹತ್ತು ಆಜ್ಞೆಗಳ ಬಗ್ಗೆ ಅಲ್ಲಿನ ಭಾಷೆಯಲ್ಲೇ ಮಾತಾಡಿದರು. ಜನ ಆಡಿದ ಭಾಷೆಯಲ್ಲಿ ಹೇಳಿದ್ದನ್ನೂ ಬರೆದಿಟ್ಟುಕೊಳ್ಳುವಾಗ ಮಾತ್ರ ಲ್ಯಾಟಿನ್‌ಗೆ ತಿರುಗಿಸುತ್ತಿದ್ದರು. ಹಾಗಾಗಿ ಕೈಬರಹದ ಭಾಷೆ ನೋಡಿ ಕೇಳಿದವರು ಯಾರು ಅಂತ ಸುಮ್ನೆ ತೀರ್ಮಾನಿಸೋಕೆ ಆಗಲ್ಲ.

ಒಂದು ಪ್ರವಚನ ಹೇಗಿರ್ತಿತ್ತು? ಬಾಯಿಗೆ ಬಂದ ಹಾಗೆ ಹೇಳ್ತಿದ್ರಾ?

ಇಲ್ಲವೇ ಇಲ್ಲ. ಅದಕ್ಕೆ ಬಿಗಿಯಾದ ಕಟ್ಟು ಇತ್ತು. ಮೊದಲು ಬೈಬಲ್‌ನಿಂದ ಒಂದೇ ಒಂದು ವಾಕ್ಯ, ಎಷ್ಟೋ ಸಲ ನಾಲ್ಕೈದು ಪದ ಅಷ್ಟೇ. ಆಮೇಲೆ ಒಂದು ಚಿಕ್ಕ ಪೀಠಿಕೆ. ಅದು ಪ್ರಾರ್ಥನೆಯಲ್ಲಿ ಮುಗಿಯುತ್ತಿತ್ತು. ತಡವಾಗಿ ಬಂದವರಿಗೂ ಗೊತ್ತಾಗಲಿ ಅಂತ ಆ ವಾಕ್ಯ ಇನ್ನೊಂದು ಸಲ. ಆಮೇಲೆ ವಾಕ್ಯವನ್ನು ಭಾಗ ಮಾಡುವುದು, ಸಾಮಾನ್ಯವಾಗಿ ಮೂರು ಭಾಗ. ಪ್ರತಿ ಭಾಗಕ್ಕೂ ಬೈಬಲ್‌ನ ಬೇರೆ ಕಡೆಯಿಂದ ಆಧಾರ, ಒಳಗೆ ಮತ್ತೆ ಚಿಕ್ಕ ಭಾಗಗಳು, ನಡುವೆ ಒಂದೊಂದು ದೃಷ್ಟಾಂತ ಕಥೆ. ಭಾಗಗಳ ಹೆಸರುಗಳಿಗೆ ಲ್ಯಾಟಿನ್‌ನಲ್ಲಿ ಪ್ರಾಸ ಇರುತ್ತಿತ್ತು. ಇದರಿಂದ ನೆನಪಿಡುವುದು ಸುಲಭ.

1322ರಲ್ಲಿ ಪ್ರವಚನ ಕಲೆಯ ಕೈಪಿಡಿ ಬರೆದ ರಾಬರ್ಟ್ ಆಫ್ ಬೇಸ್‌ವಾರ್ನ್, ಮೂರೇ ಭಾಗ ಯಾಕೆ ಅಂತ ಕಾರಣ ಕೊಡುತ್ತಾರೆ. ತ್ರಿಯೇಕ ದೇವರ ಮೇಲಿನ ಗೌರವ ಒಂದು, ಮೂರು ಎಳೆಯ ಹಗ್ಗ ಬೇಗ ಕಡಿಯುವುದಿಲ್ಲ ಅನ್ನೋ ಬೈಬಲ್ ಮಾತು ಇನ್ನೊಂದು. ಜೊತೆಗೆ, ಕೊಟ್ಟ ಸಮಯಕ್ಕೆ ಮೂರೇ ಸರಿಯಾಗಿ ಹೊಂದುತ್ತದೆ ಅನ್ನೋದನ್ನೂ ಸೇರಿಸುತ್ತಾರೆ. ಪ್ಯಾರಿಸ್‌ನ ರೀತಿ ಬೇರೆ, ಆಕ್ಸ್‌ಫರ್ಡ್‌ನ ರೀತಿ ಬೇರೆ ಅಂತಲೂ ಅವರು ವಿವರಿಸುತ್ತಾರೆ.

ಇಷ್ಟು ಲೆಕ್ಕಾಚಾರ ನೋಡಿದರೆ ಒಣಕಲು ಅನಿಸಬಹುದು. ಓದುತ್ತಾ ಹೋದರೆ ನನಗೆ ಹಾಗೆ ಅನಿಸುವುದಿಲ್ಲ. ಕಟ್ಟು ಗಟ್ಟಿ ಇದ್ದದ್ದರಿಂದಲೇ ಒಳ್ಳೆಯ ಪ್ರವಚನಕಾರ ಒಂದು ಪದದ ಒಳಗೆ ಎಷ್ಟು ದೂರ ಹೋದರೂ ಕೇಳುವವರಿಗೆ ದಾರಿ ತಪ್ಪುತ್ತಿರಲಿಲ್ಲ.

800 ವರ್ಷ ಹಿಂದೆ ಆಡಿದ ಮಾತು ನಮಗೆ ಹೇಗೆ ಸಿಕ್ತು?

ಕೇಳುಗರು ಬರೆದುಕೊಂಡದ್ದರಿಂದ. ವಿದ್ಯಾರ್ಥಿಗಳು ಪ್ರವಚನದ ಹೊತ್ತಿಗೇ ಬೇಗ ಬೇಗ ಟಿಪ್ಪಣಿ ಮಾಡಿಕೊಳ್ಳುತ್ತಿದ್ದರು, ಆಮೇಲೆ ತಿದ್ದಿ ಬರೆಯುತ್ತಿದ್ದರು. 1230–31ರ ಒಂದಿಡೀ ವರ್ಷದ ಪ್ಯಾರಿಸ್ ಪ್ರವಚನಗಳ ಸಂಗ್ರಹ ಹೀಗೇ ಉಳಿದಿದೆ. 1229ರಲ್ಲಿ ವಿದ್ಯಾರ್ಥಿಗಳ ಕೊಲೆಯಾದದ್ದಕ್ಕೆ ಮೇಷ್ಟ್ರುಗಳು ಮುಷ್ಕರ ಹೂಡಿ ಊರು ಬಿಟ್ಟಿದ್ದ ಕಾಲ ಅದು. ಪಾಠಗಳು ನಿಂತಿದ್ದವು, ಆದರೂ ಪ್ರವಚನ ನಡೆಯುತ್ತಿತ್ತು ಅನ್ನೋದು ಈ ಸಂಗ್ರಹದಿಂದ ತಿಳಿಯುತ್ತದೆ. ಇನ್ನೊಂದು ದೊಡ್ಡ ಸಂಗ್ರಹ 1272–73ರದ್ದು. ಅದನ್ನು ಕೂಡಿಸಿದವರು ಪಿಯೆರ್ ದ ಲಿಮೋಜ್. ತಮ್ಮ ಪುಸ್ತಕಗಳನ್ನು ಅವರು ಸೊರ್ಬೋನ್ ಕಾಲೇಜಿಗೆ ಬಿಟ್ಟುಹೋದರು. ಆ ಹಸ್ತಪ್ರತಿ ಈಗ ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ.

ಹೀಗೆ ಉಳಿಯುವುದು ಅದೃಷ್ಟದ ವಿಷಯ. ಅಷ್ಟೊಂದು ಬರೆದ ಅಕ್ವಿನಾಸ್‌ರ ವಿಶ್ವವಿದ್ಯಾಲಯದ ಪ್ರವಚನಗಳು ಇಪ್ಪತ್ತರಷ್ಟು ಮಾತ್ರ ಸಿಕ್ಕಿವೆ.

## ಸುಖದ ಬಗ್ಗೆ ಅವರು ಹೇಳಿದ್ದು

ಮಧ್ಯಯುಗದ ಕ್ರೈಸ್ತರಿಗೆ ಸುಖ ಅಂದ್ರೆ ಪಾಪ ಅಲ್ವಾ?

ಇದು ನನಗೆ ಅತಿ ಹೆಚ್ಚು ಬರುವ ಪ್ರಶ್ನೆ, ಮತ್ತು ಇದಕ್ಕೆ ಉತ್ತರ ಕೊಡೋಕೆ ಬೇಸರವೇ ಆಗುವುದಿಲ್ಲ. ಮನುಷ್ಯ ಏನೇ ಮಾಡಿದರೂ ಸುಖಕ್ಕಾಗಿಯೇ ಮಾಡುತ್ತಾನೆ, ಅವನು ಹಾಗೆ ಇರುವುದು ದೇವರು ಮಾಡಿದ್ದೇ ಹಾಗೆ ಎಂಬ ಕಾರಣಕ್ಕೆ — ಇದು ಅವರೆಲ್ಲರೂ ಒಪ್ಪಿದ್ದ ಮಾತು. ಇದರ ಬೇರು ಚರ್ಚಿನ ಹಳೆಯ ಗುರು ಅಗಸ್ಟೀನ್‌ರಲ್ಲಿದೆ. ಒಬ್ಬ ಸೈನ್ಯಕ್ಕೆ ಸೇರುತ್ತೇನೆ ಅನ್ನುತ್ತಾನೆ, ಇನ್ನೊಬ್ಬ ಸೇರಲ್ಲ ಅನ್ನುತ್ತಾನೆ, ಆದರೆ ಇಬ್ಬರಿಗೂ ಬೇಕಾದದ್ದು ಸುಖ ತಾನೆ ಅಂತ ಅವರು ಕೇಳುತ್ತಾರೆ. 386ರಲ್ಲಿ, ತಮ್ಮ ಹುಟ್ಟುಹಬ್ಬದ ದಿನ ಶುರುಮಾಡಿ ತಾಯಿ ಮೋನಿಕಾ ಮತ್ತು ಗೆಳೆಯರ ಜೊತೆ ಮೂರು ದಿನ ಕೂತು, ಸುಖದ ಬಾಳು ಅಂದರೇನು ಅಂತ ಅವರು ಚರ್ಚಿಸಿದ್ದರು. ಆರನೇ ಶತಮಾನದ ಆರಂಭದಲ್ಲಿ, ಸೆರೆಮನೆಯಲ್ಲಿ ಸಾವು ಕಾಯುತ್ತಿದ್ದ ರೋಮಿನ ಬೊಯೆಥಿಯಸ್ ಒಂದು ವ್ಯಾಖ್ಯೆ ಕೊಟ್ಟರು: ಎಲ್ಲ ಒಳ್ಳೆಯದೂ ಒಂದೇ ಕಡೆ ಕೂಡಿ, ಯಾವ ಕೊರತೆಯೂ ಇಲ್ಲದ ಸ್ಥಿತಿಯೇ ಸುಖ. ಪ್ಯಾರಿಸ್‌ನ ಪ್ರತಿ ವಿದ್ಯಾರ್ಥಿಗೂ ಈ ಮಾತು ಗೊತ್ತಿತ್ತು.

ಹಾಗಾದರೆ ಬೈಗುಳ ಯಾರಿಗೆ? ಅರ್ಧ ದಾರಿಯಲ್ಲಿ ನಿಲ್ಲುವವರಿಗೆ. ಅಷ್ಟು ದೊಡ್ಡ ಹಸಿವು ಇಟ್ಟುಕೊಂಡು ಇಷ್ಟು ಸಣ್ಣದಕ್ಕೆ ಯಾಕೆ ತೃಪ್ತಿಪಡುತ್ತೀರಿ ಅನ್ನೋದೇ ಅವರ ಪ್ರವಚನದ ತಿರುಳು.

ಬಡವರು ಧನ್ಯರು, ಅಳುವವರು ಧನ್ಯರು ಅಂತಾರೆ. ಅಳೋದ್ರಲ್ಲಿ ಎಂಥ ಸುಖ?

ಇದು ಯೇಸು ಬೆಟ್ಟದ ಮೇಲೆ ಹೇಳಿದ ಮಾತು, ಮತ್ತಾಯನ ಸುವಾರ್ತೆಯ ಐದನೇ ಅಧ್ಯಾಯ. ನವೆಂಬರ್ 1ರ ಸಕಲ ಸಂತರ ಹಬ್ಬಕ್ಕೆ ಓದುತ್ತಿದ್ದದ್ದು ಇದನ್ನೇ. ಇವತ್ತೂ ಅದೇ, ಮಂಗಳೂರಿನ ಕಥೋಲಿಕ ಚರ್ಚುಗಳಲ್ಲೂ ಆ ದಿನ ಇದೇ ಭಾಗ ಕೇಳುತ್ತೀರಿ. ಹಾಗಾಗಿ ವರ್ಷಕ್ಕೊಮ್ಮೆ ಪ್ಯಾರಿಸ್‌ನ ಪ್ರವಚನಕಾರ ಸುಖದ ಬಗ್ಗೆ ಮಾತಾಡಲೇಬೇಕಿತ್ತು.

ಅಕ್ವಿನಾಸ್ ಮತ್ತಾಯನ ಸುವಾರ್ತೆಗೆ ಹೇಳಿದ ಪಾಠದಲ್ಲಿ ಇದನ್ನು ಬಿಡಿಸುವ ರೀತಿ ನನಗೆ ತುಂಬ ಇಷ್ಟ. ಸುಖ ಎಲ್ಲಿದೆ ಅಂತ ಜನ ಹುಡುಕಿದ ಜಾಗಗಳನ್ನು ಒಂದೊಂದಾಗಿ ತೆಗೆದುಕೊಂಡು, ಯೇಸುವಿನ ಒಂದೊಂದು ಮಾತು ಒಂದೊಂದಕ್ಕೆ ಉತ್ತರ ಅನ್ನುತ್ತಾರೆ. ಆಸ್ತಿಯಲ್ಲಿದೆ ಅಂದವರಿಗೆ 'ಬಡವರು ಧನ್ಯರು'. ಶತ್ರುವನ್ನು ತುಳಿದು ನಿಲ್ಲುವುದರಲ್ಲಿದೆ ಅಂದವರಿಗೆ 'ಶಾಂತ ಸ್ವಭಾವದವರು ಧನ್ಯರು'. ಮೋಜಿನಲ್ಲಿದೆ ಅಂದವರಿಗೆ 'ಅಳುವವರು ಧನ್ಯರು'. ಒಳ್ಳೆಯ ಕೆಲಸ ಮಾಡುವ ಬಾಳಿನಲ್ಲಿದೆ ಅಂದವರು ಸತ್ಯಕ್ಕೆ ಹತ್ತಿರ ಬಂದವರು, ಆದರೆ ಆ ಕೆಲಸ ಎತ್ತ ಸಾಗಬೇಕು ಅಂತ ಅವರಿಗೆ ತೋರಿಸಬೇಕು. ಅದಕ್ಕೆ ನೀತಿಗಾಗಿ ಹಸಿದವರ ಮಾತು, ಕರುಣೆಯ ಮಾತು. ಧ್ಯಾನದಲ್ಲಿದೆ ಅಂದವರಿಗೆ 'ನಿರ್ಮಲ ಹೃದಯದವರು ದೇವರನ್ನು ನೋಡುವರು'.

ಅಳು ತಾನೇ ಸುಖ ಅಂತ ಯಾರೂ ಹೇಳಲಿಲ್ಲ. ಪ್ರತಿ ಮಾತಿನಲ್ಲೂ ಎರಡು ಭಾಗ ಇದೆ. ಒಂದು ಈಗಿನದು, ಇನ್ನೊಂದು ಬರಲಿರುವ ಫಲ. ಅಳುವವರಿಗೆ ಸಮಾಧಾನ ಸಿಗುತ್ತದೆ, ಅದಕ್ಕಾಗಿ ಅವರು ಧನ್ಯರು.

ದುಡ್ಡು, ಹೆಸರು, ಅಧಿಕಾರ ಯಾವುದೂ ಸುಖ ಅಲ್ಲ ಅಂತಾರೆ ಅಕ್ವಿನಾಸ್. ಕಾರಣ ಏನು ಕೊಡ್ತಾರೆ?

ಬೇರೆ ಬೇರೆಯದಕ್ಕೆ ಬೇರೆ ಬೇರೆ ಕಾರಣ. ಅವರ ದೊಡ್ಡ ಗ್ರಂಥದಲ್ಲಿ ಎಂಟು ಹುರಿಯಾಳುಗಳನ್ನು ಸಾಲಾಗಿ ನಿಲ್ಲಿಸಿ ಪರೀಕ್ಷೆ ಮಾಡುತ್ತಾರೆ: ಸಂಪತ್ತು, ಗೌರವ, ಕೀರ್ತಿ, ಅಧಿಕಾರ, ದೇಹದ ಸೌಖ್ಯ, ಇಂದ್ರಿಯಸುಖ, ಆತ್ಮದ ಗುಣಗಳು, ಕೊನೆಗೆ ಸೃಷ್ಟಿಯಲ್ಲಿರುವ ಯಾವುದೇ ವಸ್ತು. ದುಡ್ಡು ಇನ್ನೇನನ್ನೋ ಕೊಳ್ಳೋಕೆ ಇರುವುದು, ಅದೇ ಕೊನೆ ಆಗಲಾರದು. ಗೌರವ ಕೊಡುವವರ ಕೈಯಲ್ಲಿದೆ, ಪಡೆಯುವವನ ಒಳಗಿಲ್ಲ. ಕೀರ್ತಿ ಸುಳ್ಳೂ ಇರಬಹುದು. ಅಧಿಕಾರವನ್ನು ಒಳ್ಳೆಯದಕ್ಕೂ ಬಳಸಬಹುದು, ಕೆಟ್ಟದ್ದಕ್ಕೂ ಬಳಸಬಹುದು. ಇಂದ್ರಿಯಸುಖವನ್ನು ಅವರು ತಿರಸ್ಕರಿಸುವುದಿಲ್ಲ, ಒಳ್ಳೆಯದು ಕೈಗೆ ಸಿಕ್ಕಾಗ ಸಂತೋಷ ತಾನಾಗಿ ಬರುತ್ತದೆ, ಆದರೆ ಅದು ಹಿಂದೆ ಬರುವುದು ಅನ್ನುತ್ತಾರೆ. ಎಂಟನೆಯದಕ್ಕೆ ಕೊಟ್ಟ ಕಾರಣವೇ ಎಲ್ಲದರ ಬುಡ. ಮನುಷ್ಯನ ಮನಸ್ಸು ಎಲ್ಲ ಒಳಿತನ್ನೂ ಬಯಸಬಲ್ಲದು, ಆದ್ದರಿಂದ ಒಂದಿಷ್ಟು ಒಳಿತಿರುವ ಯಾವುದೂ ಅದನ್ನು ತುಂಬಲಾರದು. ದೇವರನ್ನು ನೇರವಾಗಿ ನೋಡುವುದೊಂದೇ ಅದನ್ನು ತುಂಬುತ್ತದೆ.

ಹಾಗಾದ್ರೆ ಬದುಕಿರುವಾಗ ಸುಖ ಸಾಧ್ಯವೇ ಇಲ್ವಾ?

ಸಾಧ್ಯ, ಆದರೆ ಅಪೂರ್ಣ. ಅಕ್ವಿನಾಸ್ ಈ ಅಪೂರ್ಣ ಸುಖವನ್ನು ಗೌರವದಿಂದ ನೋಡುತ್ತಾರೆ. ಇಲ್ಲಿನ ಸುಖಕ್ಕೆ ದೇಹ ಚೆನ್ನಾಗಿರಬೇಕು, ಬಾಳಲು ಬೇಕಾದಷ್ಟು ವಸ್ತುಗಳಿರಬೇಕು, ಗೆಳೆಯರು ಬೇಕು. ಗೆಳೆಯರು ನಮ್ಮ ಉಪಯೋಗಕ್ಕಾಗಿ ಅಲ್ಲ, ಅವರಿಗೆ ಒಳ್ಳೆಯದು ಮಾಡೋಕೆ ಬೇಕು ಅನ್ನುತ್ತಾರೆ. ಆದರೆ ಕಾಯಿಲೆ ಬರುತ್ತದೆ, ನಿದ್ದೆ ಬರುತ್ತದೆ, ಕೊನೆಗೆ ಸಾವು ಬರುತ್ತದೆ. ಕೈಬಿಟ್ಟು ಹೋಗುವ ಸುಖವನ್ನು ಪೂರ್ಣ ಅನ್ನೋಕೆ ಆಗಲ್ಲ, ಅಷ್ಟೇ ಅವರ ವಾದ.

ಸ್ವರ್ಗದಲ್ಲಿ ಸುಮ್ನೆ ನೋಡ್ತಾ ಕೂತಿದ್ರೆ ಬೇಜಾರಾಗಲ್ವಾ?

ಆಗಲೂ ಈ ಪ್ರಶ್ನೆ ಇತ್ತು. ಬೆರಗಿನಿಂದ ನೋಡುವ ಯಾವುದೂ ಬೇಸರ ತರಿಸುವುದಿಲ್ಲ ಅಂತ ಅಕ್ವಿನಾಸ್ ಉತ್ತರಿಸುತ್ತಾರೆ. ನೋಡಿ ಮುಗಿಯಿತು ಅನಿಸಿದಾಗಲೇ ಬೇಸರ ಶುರುವಾಗುವುದು, ದೇವರನ್ನು ನೋಡಿ ಮುಗಿಸಿದವರು ಯಾರೂ ಇಲ್ಲ. ಎಲ್ಲರೂ ನೋಡುವುದು ಒಬ್ಬನನ್ನೇ, ಆದರೆ ಪ್ರೀತಿ ಹೆಚ್ಚಿದ್ದವರು ಹೆಚ್ಚು ಸ್ಪಷ್ಟವಾಗಿ ನೋಡುತ್ತಾರೆ ಅನ್ನೋದೂ ಅವರ ಮಾತು.

ಓದೋ ಹುಡುಗರಿಗೆ ಏನು ಹೇಳ್ತಿದ್ರು? ಓದಿದ್ರೆ ಸುಖ ಅಂತಾನಾ?

ಓದಿನ ಮೇಲೆ ಅವರಿಗೆ ಪ್ರೀತಿಯೂ ಇತ್ತು, ಭಯವೂ ಇತ್ತು. ಭಯದ ಕಡೆಯಿಂದ ಒಂದು ಕಥೆ. 1240ರಲ್ಲಿ ತೀರಿಕೊಂಡ ಜಾಕ್ ದ ವಿತ್ರಿ ತಮ್ಮ ಪ್ರವಚನಗಳಲ್ಲಿ ಹೇಳಿದ್ದು. ಪ್ಯಾರಿಸ್‌ನಲ್ಲಿ ಒಬ್ಬ ಬುದ್ಧಿವಂತ ವಿದ್ಯಾರ್ಥಿ ಸತ್ತ. ಕೆಲವು ದಿನ ಆದ ಮೇಲೆ ತನ್ನ ಮೇಷ್ಟ್ರಿಗೆ ಕಾಣಿಸಿಕೊಂಡ. ಮೈಮೇಲೆ ಚರ್ಮದ ಹಾಳೆಯ ನಿಲುವಂಗಿ, ಅದರ ತುಂಬ ಕುತರ್ಕದ ವಾಕ್ಯಗಳು. ಚರ್ಚಿನ ಗೋಪುರ ಹೊತ್ತಿದ್ದರೂ ಇಷ್ಟು ಭಾರ ಆಗುತ್ತಿರಲಿಲ್ಲ ಅಂದ. ಅವನ ಬೆವರಿನ ಒಂದು ಹನಿ ಮೇಷ್ಟ್ರ ಅಂಗೈ ಮೇಲೆ ಬಿದ್ದು ಆರಪಾರ ತೂತು ಮಾಡಿತು. ಮರುದಿನವೇ ಮೇಷ್ಟ್ರು ಪಾಠಶಾಲೆ ಬಿಟ್ಟು ಸಿಸ್ಟರ್ಸಿಯನ್ ಮಠ ಸೇರಿದರು. ಎದುರಿಗೆ ಕೂತವರೆಲ್ಲ ತರ್ಕವನ್ನೇ ಓದುತ್ತಿದ್ದ ಹುಡುಗರು ಅನ್ನೋದು ನೆನಪಿರಲಿ.

ಸೊರ್ಬೋನ್ ಕಾಲೇಜನ್ನು 1257ರಲ್ಲಿ ಕಟ್ಟಿದ ರೋಬೆರ್ ದ ಸೊರ್ಬೋನ್ ಬೇರೆ ದಾರಿ ಹಿಡಿದರು. ಕೊನೆಯ ತೀರ್ಪಿನ ದಿನವನ್ನು ವಿಶ್ವವಿದ್ಯಾಲಯದ ಪರೀಕ್ಷೆಯ ಪಕ್ಕದಲ್ಲಿಟ್ಟು ತೋರಿಸಿದರು. ಪ್ಯಾರಿಸ್‌ನ ಕುಲಪತಿ ಒಂದು ಪುಸ್ತಕದ ಮೇಲೆ ಪ್ರಶ್ನೆ ಕೇಳುತ್ತಾನೆ, ಫೇಲಾದರೆ ಇನ್ನೊಂದು ವರ್ಷ ಬರಬಹುದು. ದೇವರು ಕೇಳುವುದು ನಿನ್ನ ಮನಸ್ಸಾಕ್ಷಿಯ ಪುಸ್ತಕದ ಮೇಲೆ, ಅಲ್ಲಿ ಮರುಪರೀಕ್ಷೆ ಇಲ್ಲ. ಆ ಪುಸ್ತಕವನ್ನು ಯಾಕೆ ಯಾರೂ ಓದಿಕೊಳ್ಳುತ್ತಿಲ್ಲ?

ಪ್ರೀತಿಯ ಕಡೆಯಿಂದ ಅಕ್ವಿನಾಸ್. ಬಾಲಯೇಸು ಜ್ಞಾನದಲ್ಲಿ ಬೆಳೆದ ಎಂಬ ವಾಕ್ಯದ ಮೇಲೆ ಅವರು ಮಾಡಿದ ಪ್ರವಚನ ಉಳಿದಿದೆ. ಜ್ಞಾನದಲ್ಲಿ ಬೆಳೆಯೋಕೆ ನಾಲ್ಕು ಬೇಕು ಅನ್ನುತ್ತಾರೆ: ಮನಸ್ಸಿಟ್ಟು ಕೇಳುವುದು, ಶ್ರದ್ಧೆಯಿಂದ ಹುಡುಕುವುದು, ಯೋಚಿಸಿ ಉತ್ತರ ಕೊಡುವುದು, ಒಳಗೇ ಮೆಲುಕು ಹಾಕುವುದು. ಒಬ್ಬರನ್ನೇ ಕೇಳಿದರೆ ಸಾಲದು, ಹಲವರನ್ನು ಕೇಳಬೇಕು ಅಂತಲೂ ಸೇರಿಸುತ್ತಾರೆ. ಇಷ್ಟು ಮೃದುವಾಗಿ ವಿದ್ಯಾರ್ಥಿಗಳ ಜೊತೆ ಮಾತಾಡಿದ ಪ್ರವಚನ ಆ ಕಾಲದ್ದು ನಾನು ಬೇರೆ ಓದಿಲ್ಲ.

ಹೆಂಗಸರಿಗೆ ಈ ಮಾತುಗಳೆಲ್ಲ ತಲುಪ್ತಾನೇ ಇರಲಿಲ್ವಾ?

ವಿಶ್ವವಿದ್ಯಾಲಯದ ಬಾಗಿಲು ಅವರಿಗೆ ಮುಚ್ಚಿತ್ತು. ಆದರೆ ಪ್ಯಾರಿಸ್‌ನಲ್ಲಿ ಬೆಗಿನ್ ಎಂಬ ಹೆಂಗಸರಿದ್ದರು. ಮಠದ ವ್ರತ ತೊಡದೆ, ದುಡಿದು ತಿಂದು, ಒಟ್ಟಾಗಿ ಪ್ರಾರ್ಥನೆಯಲ್ಲಿ ಬಾಳುತ್ತಿದ್ದವರು. ರಾಜ ಒಂಬತ್ತನೇ ಲೂಯಿ ಅವರಿಗೆ ಒಂದು ವಠಾರ ಕಟ್ಟಿಸಿಕೊಟ್ಟಿದ್ದ. 1272–73ರ ಸಂಗ್ರಹದಲ್ಲಿ ಅಲ್ಲಿ ನಡೆದ ಪ್ರವಚನಗಳೂ ಇವೆ, ಮಾತಾಡಿದವರು ವಿಶ್ವವಿದ್ಯಾಲಯದ ಮೇಷ್ಟ್ರುಗಳೇ. ಆ ಶತಮಾನದ ಒಂದು ದೃಷ್ಟಾಂತ ಸಂಗ್ರಹದಲ್ಲಿ ಬೆಗಿನ್ ಒಬ್ಬಳು ಪ್ಯಾರಿಸ್‌ನ ಮೇಷ್ಟ್ರಿಗೆ ಉತ್ತರ ಕೊಡುತ್ತಾಳೆ: ನೀವು ಮಾತಾಡುತ್ತೀರಿ, ನಾವು ಮಾಡುತ್ತೇವೆ, ನೀವು ಅಗಿಯುತ್ತೀರಿ, ನಾವು ನುಂಗುತ್ತೇವೆ, ನೀವು ಚೌಕಾಸಿ ಮಾಡುತ್ತೀರಿ, ನಾವು ಕೊಳ್ಳುತ್ತೇವೆ. ಕಥೆಯೇ ಇರಲಿ, ಇದನ್ನು ಬರೆದಿಟ್ಟವರಿಗೆ ಅದರ ಸತ್ಯ ತಾಗಿತ್ತು ಅನ್ನೋದು ಸ್ಪಷ್ಟ.

ಇನ್ನೊಂದು ಮುಖವೂ ಇದೆ, ಅದನ್ನು ಮುಚ್ಚಿಡಬಾರದು. ಬೆಗಿನ್ ಎಂದು ಕರೆಸಿಕೊಂಡ ಮಾರ್ಗರೀತ್ ಪೊರೇತ್ ಬರೆದ ಪುಸ್ತಕದಿಂದ ಆಯ್ದ ವಾಕ್ಯಗಳನ್ನು ಪ್ಯಾರಿಸ್‌ನ 21 ದೇವಶಾಸ್ತ್ರಜ್ಞರು ತಪ್ಪು ಎಂದರು. 1310ರ ಜೂನ್ 1ರಂದು ಅವಳನ್ನು ಸುಟ್ಟರು. ಏನನ್ನೂ ಬಯಸದ ಆತ್ಮದ ಬಗ್ಗೆ ಬರೆದವಳು ಅವಳು.

## ಜಗಳಗಳು, ಕಠಿಣ ಪ್ರಶ್ನೆಗಳು

ಪ್ರವಚನದ ಮಧ್ಯೆ ಗಲಾಟೆ ಆಗಿತ್ತಂತೆ, ನಿಜವಾ?

ನಿಜ. 1259ರಲ್ಲಿ, ಈಸ್ಟರ್‌ಗೆ ಒಂದು ವಾರ ಮುಂಚೆ ಬರುವ ಗರಿಗಳ ಭಾನುವಾರ, ಏಪ್ರಿಲ್ 6ರಂದು ಅಕ್ವಿನಾಸ್ ಪ್ರವಚನ ಮಾಡುತ್ತಿದ್ದಾಗ ಗಿಯೋ ಎಂಬ ವಿಶ್ವವಿದ್ಯಾಲಯದ ಸೇವಕನೊಬ್ಬ ಎದ್ದುನಿಂತು, ಡೊಮಿನಿಕನ್ನರಂಥ ಬೇಡಿ ಬಾಳುವ ಸನ್ಯಾಸಿಗಳ ವಿರುದ್ಧ ಬರೆದ ಒಂದು ಕರಪತ್ರವನ್ನು ಜೋರಾಗಿ ಓದಿದ. ಪೋಪ್ ನಾಲ್ಕನೇ ಅಲೆಕ್ಸಾಂಡರ್ ಇದನ್ನು ಖಂಡಿಸಿ ಬರೆದ ಪತ್ರದಿಂದಲೇ ನಮಗೆ ಇದು ಗೊತ್ತಾಗಿರುವುದು. ಹಿಂದೆ ಇದ್ದದ್ದು ಮೇಷ್ಟ್ರುಗಳ ಎರಡು ಗುಂಪಿನ ಜಗಳ. ಬೇಡಿ ತಿನ್ನುವ ಸನ್ಯಾಸಿಗಳು ವಿಶ್ವವಿದ್ಯಾಲಯದ ಪೀಠ ಹಿಡಿಯಬಹುದೇ, ಬಡತನ ನಿಜವಾಗಿ ಪರಿಪೂರ್ಣ ಬಾಳೇ? ಬಡವರು ಧನ್ಯರು ಅನ್ನೋ ವಾಕ್ಯ ಆ ಊರಿನಲ್ಲಿ ಬರೀ ವಾಕ್ಯ ಆಗಿರಲಿಲ್ಲ, ಯಾರ ಸಂಬಳ, ಯಾರ ಪೀಠ ಅನ್ನೋ ಮಟ್ಟಕ್ಕೆ ಇಳಿದಿತ್ತು.

ಇದಕ್ಕಿಂತ ಸುಂದರವಾದ ಇನ್ನೊಂದು ಘಟನೆ 1230ರದ್ದು. ಜಾನ್ ಆಫ್ ಸೇಂಟ್ ಜೈಲ್ಸ್ ಎಂಬ ಹೆಸರಾಂತ ಮೇಷ್ಟ್ರು ಡೊಮಿನಿಕನ್ನರ ಮನೆಯಲ್ಲಿ ಸ್ವಇಚ್ಛೆಯ ಬಡತನದ ಬಗ್ಗೆ ಮಾತಾಡುತ್ತಿದ್ದರು. ನಡುವೆ ಕೆಳಗಿಳಿದು ಬಂದು, ಅಲ್ಲೇ ಡೊಮಿನಿಕನ್ ಉಡುಪು ತೊಟ್ಟು, ಮತ್ತೆ ಮೇಲೆ ಹತ್ತಿ ಪ್ರವಚನ ಮುಗಿಸಿದರು.

ಅರಿಸ್ಟಾಟಲ್ ಬಂದ ಮೇಲೆ ಯಾಕೆ ಅಷ್ಟು ಗಾಬರಿ?

ಅರಿಸ್ಟಾಟಲ್‌ನ ನೀತಿಶಾಸ್ತ್ರ ಸುಖದ ಮೇಲೆಯೇ ಬರೆದ ಪುಸ್ತಕ, ಅದರಲ್ಲಿ ಕ್ರಿಸ್ತನೂ ಇಲ್ಲ, ಸ್ವರ್ಗವೂ ಇಲ್ಲ. 1215ರ ನಿಯಮದಲ್ಲಿ ಅದನ್ನು ಹಬ್ಬದ ದಿನಗಳಲ್ಲಿ ಬೇಕಿದ್ದರೆ ಓದಬಹುದು ಎಂದಷ್ಟೇ ಇತ್ತು, ಆಗ ಕೈಯಲ್ಲಿದ್ದದ್ದೂ ಬಿಡಿ ಭಾಗಗಳು. 1240ರ ದಶಕದ ಕೊನೆಯ ಹೊತ್ತಿಗೆ ಲಿಂಕನ್‌ನ ಬಿಷಪ್ ರಾಬರ್ಟ್ ಗ್ರೋಸ್‌ಟೆಸ್ಟ್ ಇಡೀ ಪುಸ್ತಕವನ್ನು ಗ್ರೀಕ್‌ನಿಂದ ಲ್ಯಾಟಿನ್‌ಗೆ ತಂದರು. 1255ರಲ್ಲಿ, ದೇವಶಾಸ್ತ್ರಕ್ಕೆ ಮೊದಲು ತರ್ಕ, ತತ್ವಶಾಸ್ತ್ರ ಕಲಿಸುತ್ತಿದ್ದ ಪ್ಯಾರಿಸ್‌ನ ಕಲಾ ವಿಭಾಗ ಅರಿಸ್ಟಾಟಲ್‌ನ ಓದನ್ನು ಕಡ್ಡಾಯ ಮಾಡಿತು.

ಕಲಾ ವಿಭಾಗದ ಕೆಲವು ಮೇಷ್ಟ್ರುಗಳಿಗೆ ಅದರಲ್ಲಿ ತಮ್ಮದೇ ಬಾಳು ಕಂಡಿತು. ಸತ್ಯವನ್ನು ತಿಳಿಯುವುದೇ ಮನುಷ್ಯನಿಗೆ ಸಿಗಬಹುದಾದ ಅತ್ಯುತ್ತಮ ಬಾಳು ಅಂತ ಬೊಯೆಥಿಯಸ್ ಆಫ್ ಡೇಸಿಯಾ ಬರೆದರು. ಮೇಲೆ ಹೇಳಿದ ಸೆರೆಮನೆಯ ಬೊಯೆಥಿಯಸ್ ಬೇರೆ, ಇವರು ಬೇರೆ. ಇಲ್ಲಿ ಆ ಸುಖಕ್ಕೆ ಹತ್ತಿರ ಹೋದವನು ಮುಂದಿನ ಬಾಳಿನ ಸುಖಕ್ಕೂ ಹತ್ತಿರ ಅಂತಲೇ ಅವರು ಹೇಳಿದ್ದರು. ಆದರೂ 1277ರ ಮಾರ್ಚ್ 7ರಂದು ಬಿಷಪ್ ಎತಿಯೆನ್ ತಾಂಪಿಯೆ ನಿಷೇಧಿಸಿದ 219 ವಾಕ್ಯಗಳಲ್ಲಿ ಇವೂ ಸೇರಿದ್ದವು: ತತ್ವಶಾಸ್ತ್ರದಲ್ಲಿ ತೊಡಗುವುದಕ್ಕಿಂತ ಶ್ರೇಷ್ಠ ಸ್ಥಿತಿ ಇಲ್ಲ, ಸುಖ ಸಿಗುವುದು ಈ ಬಾಳಿನಲ್ಲಿ, ಇನ್ನೊಂದರಲ್ಲಿ ಅಲ್ಲ.

ನಿಷೇಧ ಮಾಡುವ ಮೊದಲೇ ಪ್ರವಚನದಲ್ಲಿ ಎಚ್ಚರಿಕೆ ಬಂದಿತ್ತು. ಫ್ರಾನ್ಸಿಸ್ಕನ್ನರ ನಾಯಕ ಬೊನವೆಂಚರ್ 1267, 1268 ಮತ್ತು 1273ರಲ್ಲಿ ಪ್ಯಾರಿಸ್‌ನಲ್ಲಿ ಮೂರು ಸರಣಿಗಳಲ್ಲಿ ಮಾತಾಡಿದರು. ತತ್ವಶಾಸ್ತ್ರ ಒಂದು ದಾರಿ, ಅಲ್ಲೇ ಮನೆ ಮಾಡುವವನು ಕತ್ತಲಲ್ಲಿ ಬೀಳುತ್ತಾನೆ ಅಂತ ಅವರು ಒತ್ತಿ ಹೇಳಿದರು. 1273ರ ಸರಣಿ ಮುಗಿಯಲೇ ಇಲ್ಲ, ಪೋಪ್ ಅವರನ್ನು ಕಾರ್ಡಿನಲ್ ಮಾಡಿ ಕರೆಸಿಕೊಂಡರು. ಭಯ ಅತಿಯಾಗಿತ್ತು ಅಂತ ನನಗೆ ಅನಿಸುತ್ತದೆ. ಆದರೆ ಅವರ ಪ್ರಶ್ನೆ ನ್ಯಾಯವಾದದ್ದು. ಓದೋಕೆ ಬಿಡುವು, ಬುದ್ಧಿ, ಪುಸ್ತಕ ಇರುವ ಕೆಲವರಿಗಷ್ಟೇ ಸಿಗುವುದು ಮನುಷ್ಯನ ಸುಖ ಹೇಗಾದೀತು? ಅಕ್ಷರ ಬಾರದ ಮುದುಕಿಗೆ ಏನು ಹೇಳೋದು?

ದೇವರನ್ನು ತಿಳಿಯೋದು ಸುಖವಾ, ಪ್ರೀತಿಸೋದು ಸುಖವಾ?

ಡೊಮಿನಿಕನ್ನರಾದ ಅಕ್ವಿನಾಸ್ ತಿಳಿವು ಅಂದರು. ಬಯಸಿದ್ದು ಕೈಗೆ ಸಿಗುವುದು ನೋಟದಿಂದ, ಪ್ರೀತಿ ಆ ಕೈಗೆ ಸಿಕ್ಕಿದ್ದರಲ್ಲಿ ನಲಿಯುತ್ತದೆ. ಫ್ರಾನ್ಸಿಸ್ಕನ್ನರು ಪ್ರೀತಿಯ ಕಡೆ ನಿಂತರು, ಡನ್ಸ್ ಸ್ಕಾಟಸ್ ಇದನ್ನು ತುಂಬ ಖಚಿತವಾಗಿ ವಾದಿಸಿದರು. 1302–03ರಲ್ಲಿ ಪ್ಯಾರಿಸ್‌ನಲ್ಲಿ ಡೊಮಿನಿಕನ್ ಎಕ್‌ಹಾರ್ಟ್ ಮತ್ತು ಫ್ರಾನ್ಸಿಸ್ಕನ್ ಗೊನ್ಸಾಲ್ವಸ್ ಇದೇ ವಿಷಯಕ್ಕೆ ಎದುರುಬದುರಾದರು.

ಅದೇ ಎಕ್‌ಹಾರ್ಟ್ ಮುಂದೆ ಜರ್ಮನ್ ಭಾಷೆಯಲ್ಲಿ, 'ಆತ್ಮದಲ್ಲಿ ಬಡವರು ಧನ್ಯರು' ಎಂಬ ವಾಕ್ಯದ ಮೇಲೆ ಪ್ರವಚನ ಮಾಡುತ್ತಾ ಎರಡನ್ನೂ ಬಿಟ್ಟರು. ಸುಖ ತಿಳಿವಿನಲ್ಲೂ ಇಲ್ಲ, ಪ್ರೀತಿಯಲ್ಲೂ ಇಲ್ಲ; ಅವೆರಡೂ ಹರಿದುಬರುವ ಒಂದು ಮೂಲ ಆತ್ಮದಲ್ಲಿದೆ, ಅಲ್ಲಿದೆ. ಏನೂ ಬಯಸದ, ಏನೂ ತಿಳಿಯದ, ಏನೂ ಇಟ್ಟುಕೊಳ್ಳದ ಬಡತನ ಅದು. ಮೇಷ್ಟ್ರುಗಳ ವಾದದ ಮಾತು ಸಾಮಾನ್ಯ ಜನರ ಕಿವಿಗೆ ಬಿದ್ದದ್ದು ಹೀಗೆ. 1329ರ ಮಾರ್ಚ್ 27ರಂದು ಪೋಪ್ ಇಪ್ಪತ್ತೆರಡನೇ ಜಾನ್, ಎಕ್‌ಹಾರ್ಟ್‌ರ 28 ವಾಕ್ಯಗಳನ್ನು ಖಂಡಿಸಿ ಆದೇಶ ಹೊರಡಿಸಿದರು. ಅಷ್ಟರಲ್ಲಿ ಎಕ್‌ಹಾರ್ಟ್ ತೀರಿಕೊಂಡಿದ್ದರು.

ಪೋಪೇ ಪ್ರವಚನದಲ್ಲಿ ತಪ್ಪು ಹೇಳಿದ್ರು ಅಂತಾರಲ್ಲ, ಏನದು?

ಅದೇ ಇಪ್ಪತ್ತೆರಡನೇ ಜಾನ್. 1331ರ ಸಕಲ ಸಂತರ ಹಬ್ಬದ ದಿನ, ಪೋಪರು ಆಗ ನೆಲೆಸಿದ್ದ ಅವಿನ್ಯೋನ್‌ನಲ್ಲಿ ಅವರು ಪ್ರವಚನ ಮಾಡಿದರು. ಸತ್ತ ಸಂತರ ಆತ್ಮಗಳು ಈಗ ಕ್ರಿಸ್ತನ ಮಾನವರೂಪದ ಆಸರೆಯಲ್ಲಿವೆ, ದೇವರನ್ನು ನೇರವಾಗಿ ನೋಡುವುದು ಕೊನೆಯ ತೀರ್ಪು ಆದ ಮೇಲೆ ಅಂದರು. ಮುಂದಿನ ಪ್ರವಚನಗಳಲ್ಲಿ ಇನ್ನೂ ಮುಂದೆ ಹೋದರು. ಹನ್ನೆರಡನೇ ಶತಮಾನದ ಮಠಾಧಿಪತಿ ಕ್ಲೇರ್ವೋದ ಬರ್ನಾರ್ಡ್‌ರ ಮಾತು ಅವರಿಗೆ ಆಧಾರ.

ದೇವರನ್ನು ನೋಡಬಹುದು ಅನ್ನೋದನ್ನು ಪ್ಯಾರಿಸ್ ಮೊದಲೇ ತೀರ್ಮಾನಿಸಿತ್ತು. ದೇವರ ನಿಜರೂಪವನ್ನು ಮನುಷ್ಯರೂ ದೇವದೂತರೂ ಎಂದೂ ನೋಡಲಾರರು ಎಂಬ ಮಾತನ್ನು 1241ರಲ್ಲಿ ಬಿಷಪ್ ವಿಲಿಯಂ ಆಫ್ ಓವರ್ನ್ ಮತ್ತು ಮೇಷ್ಟ್ರುಗಳು ಸೇರಿ ಖಂಡಿಸಿದ್ದರು. ಈಗ ಪ್ರಶ್ನೆ ಯಾವಾಗ ಅನ್ನೋದು. ನಮಗೆ ಇದು ಸಣ್ಣ ವಿಷಯ ಅನಿಸಬಹುದು. ಆದರೆ ಸಂತರಿಗೆ ಮೊರೆಯಿಡುವ, ಸತ್ತ ಮಗುವಿಗಾಗಿ ಪ್ರಾರ್ಥಿಸುವ ಒಬ್ಬ ತಾಯಿಗೆ ಅದು ಸಣ್ಣದಲ್ಲ.

1333ರ ಜನವರಿಯಲ್ಲಿ ಇಂಗ್ಲೆಂಡಿನ ಡೊಮಿನಿಕನ್ ಥಾಮಸ್ ವಾಲೆಸ್ ಅವಿನ್ಯೋನ್‌ನಲ್ಲೇ ಎದ್ದುನಿಂತು ಇದರ ವಿರುದ್ಧ ಪ್ರವಚನ ಮಾಡಿದರು. ಅವರನ್ನು ಸೆರೆಮನೆಗೆ ಹಾಕಿದರು. ಪ್ರವಚನ ಹೇಗೆ ಕಟ್ಟಬೇಕು ಅಂತ ಕೈಪಿಡಿ ಬರೆದವರೂ ಇವರೇ. ಅದೇ ವರ್ಷ ಡಿಸೆಂಬರ್‌ನಲ್ಲಿ ಫ್ರಾನ್ಸಿನ ರಾಜ ಆರನೇ ಫಿಲಿಪ್ ಪ್ಯಾರಿಸ್‌ನ ದೇವಶಾಸ್ತ್ರದ ಮೇಷ್ಟ್ರುಗಳನ್ನು ಪಕ್ಕದ ವ್ಯಾಂಸೆನ್‌ನಲ್ಲಿ ಸೇರಿಸಿ ಅಭಿಪ್ರಾಯ ಕೇಳಿದ. ಅವರು ಪೋಪರ ಅಭಿಪ್ರಾಯವನ್ನು ಒಪ್ಪಲಿಲ್ಲ. ಇದು ನನ್ನ ಸ್ವಂತ ಅಭಿಪ್ರಾಯ, ಚರ್ಚಿನ ಬೋಧನೆ ಅಲ್ಲ ಅಂತ ಜಾನ್ ಮೊದಲಿಂದ ಹೇಳುತ್ತಿದ್ದರು. 1334ರ ಡಿಸೆಂಬರ್ 3ರಂದು ಹಾಸಿಗೆಯಲ್ಲಿ ಮಲಗಿಕೊಂಡೇ ಅದನ್ನು ಹಿಂತೆಗೆದುಕೊಂಡರು, ಮರುದಿನ ತೀರಿಕೊಂಡರು. ಅವರ ನಂತರ ಬಂದ ಹನ್ನೆರಡನೇ ಬೆನೆಡಿಕ್ಟ್ ಪ್ಯಾರಿಸ್‌ನಲ್ಲೇ ದೇವಶಾಸ್ತ್ರ ಓದಿದವರು. ಪಾಪದ ಋಣ ಉಳಿಯದ ಆತ್ಮಗಳು ತೀರ್ಪಿನ ದಿನಕ್ಕೆ ಕಾಯದೆ ಈಗಲೇ ದೇವರನ್ನು ಮುಖಾಮುಖಿ ನೋಡುತ್ತವೆ ಅಂತ 1336ರ ಜನವರಿ 29ರಂದು ಅವರು ಘೋಷಿಸಿದರು.

ಆತ್ಮಕ್ಕೆ ಈಗಲೇ ಪೂರ್ತಿ ಸುಖ ಸಿಕ್ಕಿದ್ರೆ, ಮತ್ತೆ ದೇಹ ಎದ್ದು ಬರೋದು ಯಾಕೆ?

ಕೊನೆಯ ತೀರ್ಪಿನ ದಿನ ಸತ್ತವರ ದೇಹಗಳು ಎದ್ದುಬರುತ್ತವೆ ಅನ್ನೋದು ಕ್ರೈಸ್ತ ನಂಬಿಕೆ. ಈ ಪ್ರಶ್ನೆ ಕೇಳುವವರು ಸರಿಯಾದ ಜಾಗಕ್ಕೇ ಕೈ ಹಾಕುತ್ತಾರೆ. ಪೋಪ್ ಜಾನ್‌ರನ್ನು ಕಾಡಿದ್ದ ವಿಷಯದಲ್ಲಿ ಇದೂ ಒಂದು. ದೇಹ ಬಿಟ್ಟ ಆತ್ಮಕ್ಕೆ ದೇಹವನ್ನು ನಡೆಸುವ ಸಹಜ ಆಸೆ ಉಳಿದಿರುತ್ತದೆ, ಅದು ಆತ್ಮವನ್ನು ಹಿಂದಕ್ಕೆ ಎಳೆಯುತ್ತಿರುತ್ತದೆ ಅಂತ ಅಗಸ್ಟೀನ್ ಬರೆದಿದ್ದರು. ಬೊನವೆಂಚರ್ ಇದನ್ನು ಗಟ್ಟಿಯಾಗಿ ಹಿಡಿದರು: ಮನುಷ್ಯ ಅಂದರೆ ಎರಡೂ ಕೂಡಿದ್ದು, ಒಂದೇ ಇದ್ದರೆ ಅದು ಮನುಷ್ಯನ ಸುಖ ಪೂರ್ತಿ ಆದಂತಲ್ಲ. ಅಕ್ವಿನಾಸ್ ಕೂಡ ಬೈಬಲ್‌ನಲ್ಲಿರುವ ಪೌಲನ ಪತ್ರಕ್ಕೆ ಹೇಳಿದ ಪಾಠದಲ್ಲಿ, ನನ್ನ ಆತ್ಮವೇ ನಾನಲ್ಲ, ಆತ್ಮ ಮಾತ್ರ ಉಳಿದರೆ ನಾನು ಉಳಿದೆ ಅನ್ನೋಕೆ ಆಗಲ್ಲ ಅಂದಿದ್ದಾರೆ. ಸುಖದ ಸಾರ ದೇವರ ನೋಟದಲ್ಲಿದೆ, ಅದಕ್ಕೆ ದೇಹ ಬೇಕಾಗಿಲ್ಲ ಅಂತ ಅವರೇ ಬೇರೆ ಕಡೆ ಹೇಳುತ್ತಾರೆ. ಎರಡನ್ನೂ ಜೋಡಿಸುವುದು ಹೀಗೆ: ದೇಹ ಮರಳಿ ಬಂದಾಗ ಸುಖದ ತೀವ್ರತೆ ಹೆಚ್ಚುವುದಿಲ್ಲ, ಅದು ಹರಡುವ ಜಾಗ ಹೆಚ್ಚುತ್ತದೆ. ಆತ್ಮದಲ್ಲಿ ತುಂಬಿದ್ದು ದೇಹಕ್ಕೂ ಹರಿಯುತ್ತದೆ. ಇದಕ್ಕೆ ಮೊದಲು, ಚಿಕ್ಕ ವಯಸ್ಸಿನ ಬರವಣಿಗೆಯಲ್ಲಿ ಅವರು ತೀವ್ರತೆಯೂ ಹೆಚ್ಚುತ್ತದೆ ಎಂದಿದ್ದರು.

1336ರ ಘೋಷಣೆ ಈ ಎಳೆಯನ್ನು ತುಂಡು ಮಾಡಲಿಲ್ಲ. ತೀರ್ಪಿನ ದಿನ ಎಲ್ಲರೂ ತಮ್ಮ ತಮ್ಮ ದೇಹದ ಜೊತೆ ಕ್ರಿಸ್ತನ ಮುಂದೆ ನಿಲ್ಲುತ್ತಾರೆ ಅಂತ ಅದೂ ಹೇಳುತ್ತದೆ. ಆಮೇಲೆ ಸುಖ ಇನ್ನಷ್ಟು ಹೆಚ್ಚುತ್ತದೆಯೇ ಅನ್ನೋದನ್ನು ಮಾತ್ರ ಬೆನೆಡಿಕ್ಟ್ ತೀರ್ಮಾನಿಸದೆ ಮೇಷ್ಟ್ರುಗಳಿಗೆ ಬಿಟ್ಟರು.